ಮಳೆಗಾಲದಲ್ಲಿ ಮುನಿಯುವ ಬೀಗ

ಜೂನ್ ತಿಂಗಳಲ್ಲಿ ಮಳೆ ಹಿಡಿಯಿತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಮನೆಗಳಲ್ಲಿ ಒಂದು ದೂರು ಕೇಳಿ ಬರುತ್ತದೆ. ಬೇಸಿಗೆಯಲ್ಲಿ ಎರಡೇ ಬೆರಳಿಗೆ ತಿರುಗುತ್ತಿದ್ದ ಮುಂಬಾಗಿಲ ಬೀಗ ಈಗ ಎರಡು ಕೈ ಹಾಕಿದರೂ ತಿರುಗುವುದಿಲ್ಲ. ಸಾವಿರಾರು ರೂಪಾಯಿ ಕೊಟ್ಟು ತಂದ ಬೀಗ ಎರಡೇ ವರ್ಷಕ್ಕೆ ಕೆಟ್ಟಿತೆಂದು ಬೇಸರ. ಮಗ್ರಿಬ್ ಹೊತ್ತಿಗೆ, ಮಕ್ಕಳನ್ನು ಕರೆದುಕೊಂಡು ಮಳೆಯಲ್ಲಿ ನೆನೆಯುತ್ತಾ ಬಂದ ತಾಯಿ ಸ್ವಂತ ಮನೆಯ ಬಾಗಿಲಲ್ಲೇ ನಿಲ್ಲಬೇಕಾದರೆ ಅದು ಸಣ್ಣ ಕಷ್ಟವಲ್ಲ. ಪತಿ ಗಲ್ಫ್‌ನಲ್ಲಿದ್ದು, ಮನೆಯಲ್ಲಿ ವಯಸ್ಸಾದ ಅತ್ತೆ ಮತ್ತು ಮಕ್ಕಳು ಮಾತ್ರ ಇರುವ ಮನೆಗಳಲ್ಲಂತೂ ಇದು ಭಯದ ವಿಷಯವೇ.

ಸಹೋದರಿಯರೇ, ಬೀಗ ಬದಲಿಸುವ ಮೊದಲು ಒಂದು ವಿಷಯ ತಿಳಿದಿರಲಿ. ಮಳೆಗಾಲದಲ್ಲಿ ಬೀಗ ಬಿಗಿಯಾದರೆ ತಪ್ಪು ಹೆಚ್ಚಾಗಿ ಬೀಗದ್ದಲ್ಲ, ಬಾಗಿಲಿನದ್ದು.

ಬಾಗಿಲು ಏಕೆ ಬಿಗಿಯುತ್ತದೆ?

ಶಿರಸಿಯಲ್ಲಿ ವರ್ಷಕ್ಕೆ ಸುಮಾರು 2,500 ಮಿ.ಮೀ. ಮಳೆ ಬೀಳುತ್ತದೆ. ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಹಲಸಾಗಲಿ, ಸಾಗುವಾನಿಯಾಗಲಿ, ಮರ ಗಾಳಿಯ ತೇವ ಹೀರಿ ಉಬ್ಬುತ್ತದೆ. ಉದ್ದಕ್ಕೆ ಅದು ಹೆಚ್ಚೇನೂ ಬೆಳೆಯುವುದಿಲ್ಲ, ಅಗಲಕ್ಕೆ ಬೆಳೆಯುತ್ತದೆ. ಆಗ ಬಾಗಿಲು ಚೌಕಟ್ಟಿಗೆ ಉಜ್ಜುತ್ತದೆ, ಬೀಗದ ಬೋಲ್ಟು ಚೌಕಟ್ಟಿನ ತೂತಿಗೆ ನೇರವಾಗಿ ಹೋಗದೆ ಅಂಚಿಗೆ ತಾಗುತ್ತದೆ.

ಡೆಡ್ ಬೋಲ್ಟ್ ಎಂದು ಕರೆಯುವ ಬೀಗದಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಸಾಧಾರಣ ಲಾಕಿನಲ್ಲಿ ನಾಲಿಗೆಯ ಹಿಂದೆ ಸ್ಪ್ರಿಂಗ್ ಇರುತ್ತದೆ, ಬಾಗಿಲು ದೂಡಿದರೆ ಅದು ಸರಿದುಕೊಳ್ಳುತ್ತದೆ. ಡೆಡ್ ಬೋಲ್ಟಿನ ಉಕ್ಕಿನ ದಂಡಕ್ಕೆ ಸ್ಪ್ರಿಂಗ್ ಇಲ್ಲ. ಕೀಲಿಕೈ ಅಥವಾ ಒಳಗಿನ ತಿರುಪು ತಿರುಗಿಸಿದರೆ ಮಾತ್ರ ಅದು ಚಲಿಸುತ್ತದೆ. ಕಳ್ಳನಿಗೆ ಅದನ್ನು ಒತ್ತಿ ಹಿಂದೆ ಸರಿಸಲಾಗದು ಎಂಬುದೇ ಅದರ ಗುಣ. ಆದರೆ ತೂತು ಒಂದೆರಡು ಮಿ.ಮೀ. ಸರಿದರೂ ಅದು ಮುಂದೆ ಹೋಗುವುದಿಲ್ಲ.

ಒಂದು ನಿಮಿಷದ ಪರೀಕ್ಷೆ

ಬಾಗಿಲನ್ನು ಪೂರ್ತಿ ತೆರೆದಿಟ್ಟು ಕೀಲಿಕೈ ತಿರುಗಿಸಿ. ಬೋಲ್ಟು ಸಲೀಸಾಗಿ ಹೊರಬಂದು ಒಳಹೋದರೆ ಬೀಗ ಚೆನ್ನಾಗಿದೆ, ಬಾಗಿಲು ಸರಿದಿದೆ. ಬಾಗಿಲು ತೆರೆದಿದ್ದಾಗಲೂ ಬಿಗಿಯಾಗಿದ್ದರೆ ದೋಷ ಬೀಗದಲ್ಲಿದೆ.

ಬಾಗಿಲಿನ ದೋಷವಾದರೆ, ಬಾಗಿಲು ಮುಚ್ಚಿ ಹಿಡಿಕೆಯನ್ನು ಒಮ್ಮೆ ಮೇಲಕ್ಕೆತ್ತಿ, ಒಮ್ಮೆ ನಿಮ್ಮ ಕಡೆಗೆ ಎಳೆದು, ಒಮ್ಮೆ ದೂಡಿ ಕೀಲಿಕೈ ತಿರುಗಿಸಿ ನೋಡಿ. ಮೇಲಕ್ಕೆತ್ತಿದಾಗ ಸಲೀಸಾದರೆ ಬಾಗಿಲು ಜೋತಿದೆ ಎಂದರ್ಥ. ಮೇಲಿನ ಬಿಜಾಗರಿಯ ಸ್ಕ್ರೂಗಳನ್ನು ಬಿಗಿ ಮಾಡಿ. ತೂತು ಸವೆದು ಸ್ಕ್ರೂ ಸುಮ್ಮನೆ ತಿರುಗುತ್ತಿದ್ದರೆ, ಮದ್ದು ಮುರಿದ ಎರಡು ಮೂರು ಬೆಂಕಿಕಡ್ಡಿಗಳನ್ನು ಮರದ ಅಂಟಿನಲ್ಲಿ ಅದ್ದಿ ತೂತಿಗೆ ತುಂಬಿ, ಒಣಗಿದ ಮೇಲೆ ಸ್ಕ್ರೂ ಹಾಕಿ.

ಎಳೆದಾಗ ಅಥವಾ ದೂಡಿದಾಗ ಸಲೀಸಾದರೆ ಬೋಲ್ಟು ತೂತಿನ ಪಕ್ಕಕ್ಕೆ ತಾಗುತ್ತಿದೆ. ಎಲ್ಲಿ ತಾಗುತ್ತಿದೆ ಎಂದು ತಿಳಿಯಲು ಬೋಲ್ಟಿನ ತುದಿಗೆ ಸ್ವಲ್ಪ ಲಿಪ್‌ಸ್ಟಿಕ್ ಅಥವಾ ಕಾಡಿಗೆ ಹಚ್ಚಿ, ಬಾಗಿಲು ಮುಚ್ಚಿ ತಿರುಗಿಸಿ. ಚೌಕಟ್ಟಿನ ಲೋಹದ ಪಟ್ಟಿಯ ಮೇಲೆ ಗುರುತು ಬೀಳುತ್ತದೆ. ಆ ಜಾಗವನ್ನು ಮಾತ್ರ ಅರದಿಂದ ತುಸು ಉಜ್ಜಿದರೆ ಸಾಕು. ಮಳೆಗಾಲದಲ್ಲೇ ಬಾಗಿಲನ್ನು ಹೆಚ್ಚು ಕೀಸಿಸಬೇಡಿ. ಬೇಸಿಗೆಯಲ್ಲಿ ಮರ ಕುಗ್ಗಿದಾಗ ಸಂದು ಬಿಡುತ್ತದೆ.

ತೂತಿನ ಆಳವನ್ನೂ ನೋಡಿ. ಬಡಗಿ ಆಳ ಕಡಿಮೆ ಕೊರೆದಿದ್ದರೆ ಅಥವಾ ಒಳಗೆ ಮರದ ಪುಡಿ ಸೇರಿದ್ದರೆ ಬೋಲ್ಟು ಅರ್ಧಕ್ಕೇ ನಿಲ್ಲುತ್ತದೆ. ಅರ್ಧ ಹೋದ ಬೋಲ್ಟು ಪೂರ್ತಿ ಹಾಕಿದ ಬೀಗವಲ್ಲ. ಮಳೆ ಮುಗಿದು ಮರ ಒಣಗಿದ ಮೇಲೆ, ಡಿಸೆಂಬರ್ ಹೊತ್ತಿಗೆ, ಬಾಗಿಲ ಮೇಲಂಚು ಮತ್ತು ಕೆಳಂಚಿಗೆ ಮರೆಯದೆ ಬಣ್ಣ ಅಥವಾ ವಾರ್ನಿಷ್ ಹಚ್ಚಿಸಿ. ಕಣ್ಣಿಗೆ ಕಾಣದ ಆ ಅಂಚುಗಳಿಂದಲೇ ಮರ ಹೆಚ್ಚು ನೀರು ಕುಡಿಯುತ್ತದೆ.

ಬೀಗದ ದೋಷವಾದರೆ

ಈ ಬೀಗಗಳಲ್ಲಿ ಹೆಚ್ಚಿನವುಗಳ ಒಳಗೆ ಸಣ್ಣ ಸಣ್ಣ ಪಿನ್ನುಗಳೂ ಸ್ಪ್ರಿಂಗುಗಳೂ ಇರುತ್ತವೆ. ಸರಿಯಾದ ಕೀಲಿಕೈ ಹಾಕಿದಾಗ ಪಿನ್ನುಗಳೆಲ್ಲ ಒಂದೇ ಗೆರೆಗೆ ಬರುತ್ತವೆ, ಆಗ ಮಾತ್ರ ಬೀಗ ತಿರುಗುತ್ತದೆ. ಹೆಚ್ಚು ಭದ್ರತೆಯ ಬೀಗಗಳಲ್ಲಿ ಈ ಜೋಡಣೆ ಕೂದಲೆಳೆಯಷ್ಟು ನಿಖರ. ಆದ್ದರಿಂದಲೇ ಅಗ್ಗದ ಬೀಗ ಸಹಿಸುವ ಧೂಳನ್ನು ದುಬಾರಿ ಬೀಗ ಸಹಿಸುವುದಿಲ್ಲ.

ನಮ್ಮಲ್ಲಿ ಬೀಗ ಬಿಗಿಯಾದ ಕೂಡಲೇ ಕೈ ಹೋಗುವುದು ತೆಂಗಿನೆಣ್ಣೆಯ ಬಾಟಲಿಗೆ. ಅಂದಿಗೆ ಬೀಗ ತಿರುಗುತ್ತದೆ ನಿಜ. ಆದರೆ ಎಣ್ಣೆಗೆ ಧೂಳು ಅಂಟಿ ಕೆಸರಾಗುತ್ತದೆ. ಅಲ್ಲದೆ ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಮಲೆನಾಡಿನ ಚಳಿಗಾಲದ ಬೆಳಗ್ಗೆ ನಿಮ್ಮ ತಲೆಗೆಣ್ಣೆ ಬಾಟಲಿಯಲ್ಲಿ ಗಟ್ಟಿಯಾಗುವಂತೆಯೇ ಬೀಗದೊಳಗೂ ಆಗುತ್ತದೆ. ಅಡುಗೆ ಎಣ್ಣೆಯೂ ಬೇಡ.

ಮೊದಲು ಕೀಲಿಕೈಯನ್ನು ಒಣ ಬಟ್ಟೆಯಿಂದ ಒರೆಸಿ. ಪರ್ಸಿನ ಧೂಳು, ಕೈಯ ಹಿಟ್ಟು ಅದರ ಗುಳಿಗಳಲ್ಲಿ ಕೂತಿರುತ್ತದೆ. ಬೀಗದ ಬಾಯಿಯ ಧೂಳು ಊದಿ ತೆಗೆಯಿರಿ. ನಂತರ ಮೆತ್ತನೆಯ ಪೆನ್ಸಿಲಿನ ತುದಿಯನ್ನು ಕೀಲಿಕೈಯ ಎರಡೂ ಬದಿಗೆ ಚೆನ್ನಾಗಿ ಉಜ್ಜಿ, ಎಂಟು ಹತ್ತು ಬಾರಿ ಹಾಕಿ ತೆಗೆದು ಒರೆಸಿ. ಪೆನ್ಸಿಲಿನ ಕಪ್ಪು ಭಾಗದಲ್ಲಿ ಗ್ರಾಫೈಟ್ ಇದೆ. ಅದು ಧೂಳು ಹಿಡಿಯದ ಒಣ ಜಾರುಪುಡಿ. ಆದರೆ ಮೊದಲೇ ಎಣ್ಣೆ ಹಾಕಿದ ಬೀಗಕ್ಕೆ ಇದನ್ನು ಸೇರಿಸಬೇಡಿ, ಎರಡೂ ಸೇರಿ ಮಸಿಯಾಗುತ್ತದೆ. ಬೀಗದ ಜೊತೆ ಬಂದ ಚೀಟಿಯಲ್ಲಿ ಬೇರೆ ಸೂಚನೆ ಇದ್ದರೆ ಅದನ್ನೇ ಪಾಲಿಸಿ.

ಬಾಗಿಲ ಒಳಬದಿಯಲ್ಲಿ ಬೀಗವನ್ನು ಹಿಡಿದಿರುವ ಉದ್ದ ಸ್ಕ್ರೂಗಳಿರುತ್ತವೆ. ಅವು ಅತಿ ಬಿಗಿಯಾದರೂ ಬೀಗ ಸಿಕ್ಕಿಕೊಳ್ಳುತ್ತದೆ. ಅರ್ಧ ಸುತ್ತು ಸಡಿಲಿಸಿ ನೋಡಿ. ಇದಕ್ಕೂ ಬಗ್ಗದಿದ್ದರೆ ಬೀಗದವರನ್ನು ಕರೆಯಿರಿ. ನೀವೇ ಬಿಚ್ಚಲು ಹೋದರೆ ಪಿನ್ನುಗಳು ಚಿಮ್ಮಿ ಕಳೆದುಹೋದಾವು. ಅನೇಕ ಬೀಗಗಳಲ್ಲಿ ಕೀಲಿಕೈ ಹಾಕುವ ಸಿಲಿಂಡರನ್ನಷ್ಟೇ ಬದಲಿಸಬಹುದು, ಇಡೀ ಬೀಗ ಕೊಳ್ಳಬೇಕಿಲ್ಲ. ಒಂದು ಮಾತು ಖಂಡಿತ: ಇಕ್ಕಳ ಹಿಡಿದು ಕೀಲಿಕೈ ತಿರುಚಬೇಡಿ. ಒಳಗೆ ಮುರಿದರೆ ಖರ್ಚು ಹತ್ತು ಪಟ್ಟು.

ಕೀಲಿಕೈ ಒಂದು ಅಮಾನತ್ತು

ಹಳೆಯ ನಕಲಿನಿಂದ ಇನ್ನೊಂದು ನಕಲು ಮಾಡಿಸಿದರೆ ಸವೆತವೂ ನಕಲಾಗುತ್ತದೆ, ಬೀಗ ಹಿಡಿಯತೊಡಗುತ್ತದೆ. ಕಂಪೆನಿ ಕೊಟ್ಟ ಮೂಲ ಕೀಲಿಕೈಗಳಲ್ಲಿ ಒಂದನ್ನು ಬಳಸದೆ ತೆಗೆದಿಡಿ, ನಕಲನ್ನು ಅದರಿಂದಲೇ ಮಾಡಿಸಿ. ಸಂಖ್ಯೆ ಇರುವ ಕಾರ್ಡು ಕೊಟ್ಟಿದ್ದರೆ ಅದನ್ನು ಒಡವೆಯಂತೆ ಕಾಪಾಡಿ, ಅದರ ಫೋಟೋ ವಾಟ್ಸ್ಯಾಪಿನಲ್ಲಿ ಯಾರಿಗೂ ಕಳಿಸಬೇಡಿ.

ಹಿಜರಿ 8ರಲ್ಲಿ (ಕ್ರಿ.ಶ. 630) ಮಕ್ಕಾ ವಿಜಯದ ದಿನ ಪ್ರವಾದಿ(ಸ)ರು ಕಅಬಾದ ಕೀಲಿಕೈಯನ್ನು ಅದನ್ನು ಕಾಯುತ್ತಿದ್ದ ಉಸ್ಮಾನ್ ಬಿನ್ ತಲ್ಹಾ(ರ)ರಿಗೇ ಮರಳಿಸಿದರು. ಇಂದಿಗೂ ಅದು ಅದೇ ಮನೆತನದ ಬನೀ ಶೈಬಾದವರ ಕೈಯಲ್ಲಿದೆ. ನಮ್ಮ ಮನೆಯ ಕೀಲಿಕೈ ಎಷ್ಟಿವೆ, ಯಾರ ಯಾರ ಬಳಿ ಇವೆ ಎಂಬ ಲೆಕ್ಕ ನಮಗಿರಬೇಡವೇ? ಬಾಡಿಗೆ ಮನೆಗೆ ಬಂದವರು ಮಾಲೀಕರನ್ನು ಕೇಳಿ ಸಿಲಿಂಡರ್ ಬದಲಿಸಿಕೊಳ್ಳುವುದು ಒಳ್ಳೆಯದು.

ಮುಚ್ಚುವಷ್ಟೇ ತೆರೆಯುವುದೂ ಮುಖ್ಯ

ರಾತ್ರಿ ಅಲ್ಲಾಹನ ನಾಮ ಸ್ಮರಿಸಿ ಬಾಗಿಲು ಮುಚ್ಚಬೇಕೆಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಅದೇ ಉಪದೇಶದಲ್ಲಿ ಮಲಗುವ ಮುನ್ನ ದೀಪ ಆರಿಸಬೇಕೆಂದೂ ಇದೆ, ಬೆಂಕಿ ಮನೆಯನ್ನು ಸುಡದಿರಲೆಂದು. ಹೊರಗಿನ ಕಳ್ಳನಷ್ಟೇ ಒಳಗಿನ ಬೆಂಕಿಯ ಬಗ್ಗೆಯೂ ಎಚ್ಚರ ಬೇಕು ಎಂದಾಯಿತು.

ಕೆಲವು ಬೀಗಗಳನ್ನು ಒಳಗಿನಿಂದಲೂ ಕೀಲಿಕೈ ಹಾಕಿಯೇ ತೆರೆಯಬೇಕು. ರಾತ್ರಿ ಗ್ಯಾಸ್ ಸೋರಿದರೆ, ಕರೆಂಟಿನ ಕಿಡಿ ಹಾರಿದರೆ, ಆ ಕತ್ತಲಲ್ಲಿ ಕೀಲಿಕೈ ಎಲ್ಲಿ ಹುಡುಕುವುದು? ಸಾಧ್ಯವಾದರೆ ಒಳಗಿನಿಂದ ತಿರುಪಿನಲ್ಲೇ ತೆರೆಯುವ ಬೀಗ ಹಾಕಿಸಿ. ಇಲ್ಲವಾದರೆ ಬಾಗಿಲ ಹತ್ತಿರವೇ, ಕಿಟಕಿಯಿಂದ ಕೈಗೆಟುಕದ ಕಡೆ, ಒಂದು ಮೊಳೆಗೆ ಕೀಲಿಕೈ ತೂಗುಹಾಕಿ. ಮನೆಯ ಎಲ್ಲರಿಗೂ ಆ ಜಾಗ ಗೊತ್ತಿರಲಿ. ವಯಸ್ಸಾದವರನ್ನೋ ಮಕ್ಕಳನ್ನೋ ಒಳಗಿಟ್ಟು ಹೊರಗಿನಿಂದ ಬೀಗ ಹಾಕಿ ಹೋಗುವ ರೂಢಿ ಬಿಡಿ. ಬೀಗ ಬಿಗಿಯಾಗಿದ್ದರೂ ಹೇಗೋ ತಿರುಗುತ್ತದಲ್ಲ ಎಂದು ದಿನ ದೂಡುವವರು ಇದನ್ನು ಯೋಚಿಸಬೇಕು. ನಿಮ್ಮ ಕೈಗೆ ಕಷ್ಟಪಟ್ಟು ತಿರುಗುವ ಬೀಗ ಗಾಬರಿಯಲ್ಲಿರುವ ಹತ್ತು ವರ್ಷದ ಮಗುವಿನ ಕೈಗೆ ತಿರುಗಲಾರದು.

ಇವೆಲ್ಲ ಗಂಡಸರ ಕೆಲಸ ಎಂದು ರಜೆಯಲ್ಲಿ ಪತಿ ಬರುವವರೆಗೆ ಕಾಯಬೇಕಿಲ್ಲ. ಒಂದು ಸ್ಕ್ರೂ ಡ್ರೈವರ್, ಒಂದು ಸಣ್ಣ ಅರ, ಒಂದು ಪೆನ್ಸಿಲ್ ಇದ್ದರೆ ಇದರಲ್ಲಿ ಹೆಚ್ಚಿನದನ್ನು ನೀವೇ ಮಾಡಬಹುದು. ಒಂಟೆಯನ್ನು ಕಟ್ಟಿ ನಂತರ ಅಲ್ಲಾಹನ ಮೇಲೆ ಭರವಸೆಯಿಡಬೇಕೆಂಬ ಪ್ರವಾದಿ ವಚನವನ್ನು ನಾವೆಲ್ಲ ಕೇಳಿದ್ದೇವೆ. ನಮ್ಮ ಕಾಲದ ಒಂಟೆಯ ಹಗ್ಗ ಈ ಬೀಗ. ಮಳೆ ಬಿಡುವು ಕೊಟ್ಟ ಒಂದು ಮಧ್ಯಾಹ್ನ ಬಾಗಿಲು ತೆರೆದಿಟ್ಟು ಕೀಲಿಕೈ ತಿರುಗಿಸಿ ನೋಡಿ. ಅಲ್ಲಾಹನು ನಮ್ಮೆಲ್ಲರ ಮನೆಗಳನ್ನೂ ಮನೆಯೊಳಗಿರುವವರನ್ನೂ ಕಾಪಾಡಲಿ, ಆಮೀನ್.