ಕಾರ್ಮಿಕನ ಊರಲ್ಲ, ಗುತ್ತಿಗೆದಾರನ ಲೆಕ್ಕ ಕೇಳಿ

2025ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯಲ್ಲಿ ಐದು ವರ್ಷದ ಮಗುವೊಂದರ ಕೊಲೆಯಾಯಿತು. ಆರೋಪಿ ಬಿಹಾರದವನು, ಅದೇ ದಿನ ಪೊಲೀಸರ ಗುಂಡಿಗೆ ಸತ್ತ. ಊರಿಗೆ ಊರೇ ಕುದಿಯಿತು. ಕುದಿಯಬೇಕಾದ ವಿಷಯವೇ ಅದು. ಆದರೆ ಆ ಸಿಟ್ಟು ಉತ್ತರದಿಂದ ದುಡಿಯಲು ಬಂದವರೆಲ್ಲರ ಮೇಲೆ ತಿರುಗಿದ್ದನ್ನು ನಾನು ಒಪ್ಪಲಾರೆ. ಒಬ್ಬನ ಪಾತಕಕ್ಕೆ ಅವನ ರಾಜ್ಯದವರನ್ನೆಲ್ಲ ಕಟಕಟೆಗೆ ಏರಿಸಿದರೆ ಸತ್ತ ಮಗುವಿಗೆ ನ್ಯಾಯ ಸಿಕ್ಕಂತಾಗುವುದಿಲ್ಲ.

ಹೊರಗಿನವರು ಎನಿಸಿಕೊಳ್ಳುವ ನೋವು ನಮ್ಮ ಸೀಮೆಗೆ ಗೊತ್ತಿಲ್ಲದ್ದೇ? ಮಳೆ ಕೈಕೊಟ್ಟ ವರ್ಷ ಗುಳೆ ಎದ್ದ ನಮ್ಮವರು ಗೋವಾದಲ್ಲಿ ಕಲ್ಲು ಹೊತ್ತು, ಗಾರೆ ಕಲಸಿ, ‘ಘಾಟಿ’ ಎಂಬ ಬೈಗುಳ ಕೇಳಿಕೊಂಡು ಬದುಕಿದ್ದಾರೆ. 2017ರಲ್ಲಿ ವಾಸ್ಕೋದ ಬೈನಾ ಕಡಲತೀರದಲ್ಲಿ ಕನ್ನಡಿಗರ ಮನೆ ಕೆಡವಿದಾಗ ನಮ್ಮ ಹೊಟ್ಟೆ ಉರಿಯಿತು. ಅಲ್ಲಿ ಅನ್ಯಾಯವಾದದ್ದು ಇಲ್ಲಿ ನ್ಯಾಯ ಹೇಗಾದೀತು?

ನಮ್ಮದೆಂದು ನಾವು ಬೀಗುವುದರಲ್ಲೂ ಹೊರಗಿನಿಂದ ಬಂದವರ ಪಾಲಿದೆ. ಧಾರವಾಡ ಫೇಡೆಯನ್ನು ಬೀಗರ ಮನೆಗೆ ಹೆಮ್ಮೆಯಿಂದ ಒಯ್ಯುತ್ತೇವೆ. ಪ್ಲೇಗಿಗೆ ಅಂಜಿ ಉತ್ತರ ಪ್ರದೇಶದ ಉನ್ನಾವ್ ಬಿಟ್ಟು ಬಂದ ಠಾಕೂರ್ ಮನೆತನ ಕೊಟ್ಟ ರುಚಿ ಅದು. ಕುಂದಗೋಳದ ಗಾಯಕ ಸವಾಯಿ ಗಂಧರ್ವರಿಗೆ ಗುರುವಾದ ಅಬ್ದುಲ್ ಕರೀಂ ಖಾನರು ಅದೇ ಉತ್ತರ ಪ್ರದೇಶದ ಕಿರಾನಾದವರು. ಗಂಗೂಬಾಯಿಯವರ, ಭೀಮಸೇನರ ಗಾಯನದ ಬೇರು ಅಲ್ಲಿದೆ. ಕನ್ನಡದ ಕವಿ ಬೇಂದ್ರೆಯವರ ಮನೆಮಾತು ಮರಾಠಿ.

ಹುಬ್ಬಳ್ಳಿಯ ಕೊಲೆಯ ಬಳಿಕ ಎದ್ದ, ಕಾರ್ಮಿಕರ ದಾಖಲೆ ಬೇಕು ಎಂಬ ಮಾತು ಸರಿಯೇ. ಅದನ್ನು ಇಡಬೇಕಾದವರು ಯಾರು? ಆಗ ಜಾರಿಯಲ್ಲಿದ್ದ 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಆ ಹೊಣೆಯನ್ನು ಗುತ್ತಿಗೆದಾರನ ಮೇಲೆ ಹೊರಿಸಿತ್ತು. ಪರವಾನಗಿ, ಪ್ರತಿ ಕಾರ್ಮಿಕನಿಗೂ ಫೋಟೊ ಅಂಟಿಸಿದ ಪಾಸ್‌ಬುಕ್, ಕೂಲಿಯ ಲೆಕ್ಕ, ವಸತಿ, ಔಷಧೋಪಚಾರ, ಎಲ್ಲ ಅದರಲ್ಲಿತ್ತು. ಕಟ್ಟಡಗಳ ಮಗ್ಗುಲಿನ ತಗಡಿನ ಶೆಡ್ಡುಗಳಿಗೆ ಹೋಗಿ ಅಂಥ ಪಾಸ್‌ಬುಕ್ ತೋರಿಸಪ್ಪಾ ಎಂದು ಯಾರಾದರೂ ಕೇಳಿದ್ದುಂಟೇ? ಅಗ್ಗದ ಕೂಲಿ ಎಲ್ಲರಿಗೂ ಬೇಕು, ಕೂಲಿಕಾರನ ಹೆಸರು ಬರೆದಿಡುವ ತಾಪತ್ರಯ ಮಾತ್ರ ಬೇಡ. ಎಡವಟ್ಟಾದಾಗ ಠಾಣೆ ಮುಂದೆ ಸಾಲುಗಟ್ಟಿ ನಿಲ್ಲಬೇಕಾದವನು ಇಟ್ಟಿಗೆ ಹೊತ್ತವನು!

ಬಂದವರು ಕನ್ನಡ ಕಲಿಯಲೇಬೇಕು, ಅದರಲ್ಲಿ ನನಗೆ ರಾಜಿಯಿಲ್ಲ. ಆದರೆ ಕಲಿಸುವವರು ಬೇಕಲ್ಲ. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದ ನಮ್ಮ ಸೀಮೆಗೆ ಶೆಡ್ಡುಗಳ ಬಳಿ ಸಂಜೆ ಪಾಠ ನಡೆಸುವುದು ದೊಡ್ಡ ಕೆಲಸವೇನಲ್ಲ. ಮಹಾನಗರ ಪಾಲಿಕೆ ಕಟ್ಟಡ ಪರವಾನಗಿ ಕೊಡುವಾಗಲೇ ಕಾರ್ಮಿಕರ ಪಟ್ಟಿ, ವಸತಿಯ ವಿವರ, ಪಾಠಕ್ಕೊಂದು ಜಾಗ, ಈ ಮೂರನ್ನೂ ಗುತ್ತಿಗೆದಾರರಿಂದ ಬರೆಸಿಕೊಳ್ಳಲಿ. ಕೊಡದವರ ಕೆಲಸ ನಿಲ್ಲಿಸಲಿ.