ಹಸುಗೂಸಿಗೆ ಹಳೆ ಬಟ್ಟೆ ಒಳ್ಳೆಯದೇ, ಆದರೆ ನುಸಿಗುಳಿಗೆ ಹಾಕಿಟ್ಟದ್ದು ಬೇಡ

ಕೊಕ್ಕರೆ ಬೆಳ್ಳೂರಿನವರು ಹುಣಸೆಮರದಲ್ಲಿ ಗೂಡು ಕಟ್ಟುವ ಹಕ್ಕಿಗಳನ್ನೂ ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎನ್ನುತ್ತಾರೆ. ನಮ್ಮ ಕಡೆ ಬಾಣಂತನದ ಮನೆಯಲ್ಲಿ ಹಳೆ ಪಂಚೆ, ಹೆಗಲ ಟವೆಲ್ಲೇ ಕೂಸಿನ ಅಂಗಿ. ಹೊಸದು ಹಾಕಿದರೆ ದೃಷ್ಟಿಯಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಒಗೆದೊಗೆದು ಹತ್ತಿ ಮೆತ್ತಗಾಗಿರುತ್ತದೆ, ಗಂಜಿ ಹೋಗಿರುತ್ತದೆ, ಅಷ್ಟೇ. ತುಂಡನ್ನು ಎರಡು ಮಡಿಕೆ ಮಾಡಿ, ಕುತ್ತಿಗೆ ಕತ್ತರಿಸಿ, ಮುಂದೆ ಸೀಳಿ, ತೋಳಿಗೆ ಜಾಗ ಬಿಟ್ಟು ಪಕ್ಕಗಳನ್ನು ಹೊಲಿಯಿರಿ. ಗುಂಡಿ, ಪಿನ್ನು ಬೇಡ.

ಅಪಾಯ ಇರುವುದು ಟ್ರಂಕಿನಲ್ಲಿ. ನುಸಿಗುಳಿಗೆಯ ನ್ಯಾಫ್ತಲೀನ್, ಜಿ6ಪಿಡಿ ಕಿಣ್ವದ ಕೊರತೆಯಿರುವ ಶಿಶುಗಳಲ್ಲಿ ಕೆಂಪು ರಕ್ತಕಣ ಒಡೆದು ತೀವ್ರ ಕಾಮಾಲೆ ತರಬಲ್ಲದು, ಮಿದುಳಿಗೂ ಹಾನಿಯಾದೀತು. ದಿನವೂ ಒಗೆದು ಬಳಸುತ್ತಿದ್ದ ಬಟ್ಟೆಯನ್ನೇ ಆರಿಸಿ. ಮಗುವಿನ ಕಣ್ಣು, ಮೈ ಹಳದಿಯಾದರೆ ‘ಎಳೆ ಬಿಸಿಲು ತೋರಿಸಿ’ ಎಂಬ ಫಾರ್ವರ್ಡ್ ನೆಚ್ಚದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.