ಅರ್ಧ ನಿಂತ ಉಕ್ಕು

ಹಾವೇರಿ ಜಿಲ್ಲೆಯ ಓದುಗರೊಬ್ಬರು ಕಾಗದ ಬರೆದಿದ್ದಾರೆ. ಮಗ ಐಟಿಐಯಲ್ಲಿ ಫಿಟ್ಟರ್ ಮುಗಿಸಿದ್ದಾನೆ. ಗೋದಾಮು, ಕಾರ್ಖಾನೆಗಳಿಗೆ ಉಕ್ಕಿನ ಚೌಕಟ್ಟು ನಿಲ್ಲಿಸುವ ಗುತ್ತಿಗೆದಾರರೊಬ್ಬರು ಅವನನ್ನು ಕೆಲಸಕ್ಕೆ ಕರೆದಿದ್ದಾರೆ. ಸಂಬಳ ಪರವಾಗಿಲ್ಲ. ಆದರೆ ಹುಡುಗನ ತಾಯಿಗೆ ಒಪ್ಪಿಗೆಯಿಲ್ಲ, ನೆಲದ ಮೇಲೆ ನಿಂತು ಮಾಡುವ ಕೆಲಸ ಸಿಗುವುದಿಲ್ಲವೇ ಎನ್ನುತ್ತಾರೆ. "ಮೇಷ್ಟ್ರೇ, ಕಳಿಸಲೋ ಬೇಡವೋ, ಒಂದು ಮಾತು ತಿಳಿಸಿ" ಎಂದು ಕೇಳಿದ್ದಾರೆ.

ಒಂದು ಮಾತಿನಲ್ಲಿ ತಿಳಿಸುವಂತಿದ್ದರೆ ಕಾರ್ಡಿನಲ್ಲೇ ಬರೆದು ಹಾಕುತ್ತಿದ್ದೆ. ನಾನು ಉಕ್ಕಿನ ತೊಲೆಯ ಮೇಲೆ ನಡೆದವನಲ್ಲ. ಶಾಲೆಯ ಪ್ರಯೋಗಾಲಯದ ಸ್ಟೂಲು ಹತ್ತಿ ಬೀರುವಿನ ಮೇಲಿಂದ ಗಾಜಿನ ಸಾಮಾನು ಇಳಿಸುವಾಗಲೇ ಕಾಲು ನಡುಗುತ್ತದೆ. ಆದರೂ ಈ ಕೆಲಸದಲ್ಲಿ ನಾವು ಒಂಬತ್ತು, ಹತ್ತನೇ ತರಗತಿಯಲ್ಲಿ ಕಲಿಸುವ ಭೌತಶಾಸ್ತ್ರ ತುಂಬ ಇದೆ. ಅದನ್ನು ಹೇಳುತ್ತೇನೆ, ನಿರ್ಧಾರ ಮನೆಯವರು ಮಾಡಲಿ.

ಇಟ್ಟಿಗೆ ಮನೆಯನ್ನು ಕಟ್ಟುತ್ತಾರೆ, ಉಕ್ಕಿನ ಕಟ್ಟಡವನ್ನು ಜೋಡಿಸುತ್ತಾರೆ. ಕಂಬ, ತೊಲೆಗಳೆಲ್ಲ ಕಾರ್ಖಾನೆಯಲ್ಲೇ ಅಳತೆಗೆ ಕತ್ತರಿಸಿ, ತೂತು ಕೊರೆದು, ಲಾರಿಯಲ್ಲಿ ಬರುತ್ತವೆ. ತಳಪಾಯದ ಕಾಂಕ್ರೀಟಿನಲ್ಲಿ ಹೂತಿಟ್ಟ ಬೋಲ್ಟುಗಳ ಮೇಲೆ ಕಂಬ ಕೂರಿಸುತ್ತಾರೆ. ಆಮೇಲೆ ಕ್ರೇನು ತೊಲೆಯನ್ನು ಎತ್ತುತ್ತದೆ. ಮೇಲಿರುವ ಇಬ್ಬರು ತೂತಿಗೆ ತೂತು ಕೂಡಿಸಿ ಬೋಲ್ಟು ಹಾಕುತ್ತಾರೆ. ಓರೆ ಪಟ್ಟಿಗಳೆಲ್ಲ ಬಿಗಿಯಾಗಿ ಕೊನೆಯ ಬೋಲ್ಟು ತಿರುಗಿದ ಮೇಲೆ ಅದು ಬಿರುಗಾಳಿಗೂ ಜಗ್ಗದ ಕಟ್ಟಡ. ಅಲ್ಲಿಯವರೆಗೆ?

ಮದುವೆ ಚಪ್ಪರ ಹಾಕುವವರನ್ನು ನೋಡಿದ್ದೀರಲ್ಲ. ಬೊಂಬು ನೆಟ್ಟ ಮೇಲೆ ಅಡ್ಡಗಳುಗಳನ್ನು ಬಿಗಿದು ಮುಗಿಸುವ ತನಕ ಒಬ್ಬ ಅದನ್ನು ಹಿಡಿದುಕೊಂಡೇ ಇರುತ್ತಾನೆ. ಚಪ್ಪರದ ಬಲ ಒಂದೊಂದು ಬೊಂಬಿನಲ್ಲಿಲ್ಲ, ಎಲ್ಲವೂ ಒಂದನ್ನೊಂದು ಹಿಡಿದುಕೊಳ್ಳುವುದರಲ್ಲಿದೆ ಎಂಬುದು ಅವನಿಗೆ ಗೊತ್ತು. 2023ರ ಜನವರಿ 10ರಂದು ಬೆಂಗಳೂರಿನ ನಾಗವಾರದ ಬಳಿ ಮೆಟ್ರೋ ಕಂಬಕ್ಕಾಗಿ ನಿಲ್ಲಿಸಿದ್ದ ಕಬ್ಬಿಣದ ಸರಳುಗಳ ಹಂದರ ರಸ್ತೆಗೆ ಬಿದ್ದು, ದ್ವಿಚಕ್ರ ವಾಹನದಲ್ಲಿ ಹೋಗುತ್ತಿದ್ದ ತಾಯಿ ಮತ್ತು ಪುಟ್ಟ ಮಗ ತೀರಿಕೊಂಡದ್ದು ನೆನಪಿರಬಹುದು. ಕಾಂಕ್ರೀಟು ತುಂಬಿದ್ದರೆ ಅದೇ ಸರಳುಗಳು ರೈಲನ್ನೇ ಹೊರುವ ಕಂಬವಾಗುತ್ತಿದ್ದವು. ನಕ್ಷೆಯಲ್ಲಿರುವುದು ಪೂರ್ತಿಯಾದ ಕಟ್ಟಡ. ಕೆಲಸಗಾರ ನಿಲ್ಲುವುದು ಅರ್ಧವಾದ ಕಟ್ಟಡದ ಮೇಲೆ. ಈ ಎರಡರ ಲೆಕ್ಕವೂ ಬೇರೆ ಬೇರೆ.

ಈ ಮಾತು ಬಂದಾಗಲೆಲ್ಲ ನನಗೆ ನೆನಪಾಗುವುದು ಕೆನಡಾದ ಕ್ವಿಬೆಕ್ ಸೇತುವೆ. ಸೇಂಟ್ ಲಾರೆನ್ಸ್ ನದಿಗೆ ಅಡ್ಡಲಾಗಿ, ಎರಡು ದಡದಿಂದಲೂ ಉಕ್ಕಿನ ತೋಳು ಚಾಚಿ ನಡುವೆ ಕೂಡಿಸುವ ಯೋಜನೆ. ಮೊದಲು ಕಂಬದಿಂದ ಕಂಬಕ್ಕೆ 1600 ಅಡಿ ಎಂದಿತ್ತು. ನದಿಯ ಆಳ ಕಡಿಮೆ ಇರುವಲ್ಲಿ ಕಂಬ ಬರಲೆಂದು 1800 ಅಡಿಗೆ, ಅಂದರೆ 549 ಮೀಟರಿಗೆ ಹೆಚ್ಚಿಸಿದರು. ಸ್ಕಾಟ್ಲೆಂಡಿನ ಫೋರ್ತ್ ಸೇತುವೆಯ 1710 ಅಡಿಯ ದಾಖಲೆಯೂ ಇದರಿಂದ ಮುರಿಯುತ್ತಿತ್ತೆನ್ನಿ. ಉದ್ದ ಹೆಚ್ಚಿತು, ಸೇತುವೆಯ ಸ್ವಂತ ತೂಕದ ಲೆಕ್ಕವನ್ನು ಮಾತ್ರ ಸಕಾಲಕ್ಕೆ ಮತ್ತೆ ಹಾಕಲಿಲ್ಲ! ತೂಕ ಅಂದಾಜಿಗಿಂತ ಹೆಚ್ಚಿದೆ ಎಂದು ಗೊತ್ತಾಗುವ ಹೊತ್ತಿಗೆ ಬಹಳಷ್ಟು ಉಕ್ಕು ತಯಾರಾಗಿಹೋಗಿತ್ತು. ಸಲಹೆಗಾರ ಎಂಜಿನಿಯರ್ ಥಿಯೊಡೋರ್ ಕೂಪರ್ ಆ ಕಾಲದ ದೊಡ್ಡ ಹೆಸರು. ಪರವಾಗಿಲ್ಲ, ತಡೆಯುತ್ತದೆ ಎಂದರು.

1907ರ ಬೇಸಿಗೆಯಲ್ಲಿ ದಕ್ಷಿಣದ ತೋಳು ನದಿಯ ಮೇಲೆ ಚಾಚುತ್ತ ಹೋದಂತೆ, ಮುಖ್ಯ ಕಂಬದ ಹತ್ತಿರದ ಕೆಳ ತೊಲೆಗಳು ಸೊಟ್ಟಗಾಗುತ್ತಿರುವುದು ಕಣ್ಣಿಗೆ ಬಿತ್ತು. ಒಂದು ತೊಲೆಯಲ್ಲಿ ಮುಕ್ಕಾಲು ಇಂಚು ಇದ್ದ ಬಾಗು ಆಗಸ್ಟ್ 27ರಂದು ಅಳೆದಾಗ ಎರಡೂಕಾಲು ಇಂಚು ಆಗಿತ್ತು.

ಇಲ್ಲಿ ಸ್ವಲ್ಪ ನಿಂತು, ಮಕ್ಕಳು ಒಂದು ಪ್ರಯೋಗ ಮಾಡಲಿ. ತೆಂಗಿನ ಪೊರಕೆಯಿಂದ ಉದ್ದನೆಯ ಕಡ್ಡಿಯೊಂದನ್ನು ಎಳೆದುಕೊಳ್ಳಿ. ಎರಡು ತುದಿ ಹಿಡಿದು ಜಗ್ಗಿ. ನಿಮ್ಮ ಕೈ ಸೋಲುತ್ತದೆ, ಕಡ್ಡಿ ಸೋಲುವುದಿಲ್ಲ. ಈಗ ಒಂದು ತುದಿಯನ್ನು ಮೇಜಿಗೆ ಊರಿ ಮೇಲಿನಿಂದ ಒತ್ತಿ. ಬೆರಳಿನ ತುದಿಯಷ್ಟು ಒತ್ತಡಕ್ಕೇ ಪಕ್ಕಕ್ಕೆ ಬಾಗುತ್ತದೆ. ಒಮ್ಮೆ ಬಾಗಲು ತೊಡಗಿತೆಂದರೆ ಹೆಚ್ಚು ಭಾರ ಹಾಕಬೇಕಾಗಿಯೂ ಇಲ್ಲ, ಅದು ಬಾಗುತ್ತಲೇ ಹೋಗುತ್ತದೆ. ಕಡ್ಡಿಯನ್ನು ಅರ್ಧಕ್ಕೆ ಮುರಿದು ಒತ್ತಿ ನೋಡಿ, ಸುಮಾರು ನಾಲ್ಕರಷ್ಟು ಬಲ ಬೇಕಾಗುತ್ತದೆ. 18ನೇ ಶತಮಾನದಲ್ಲೇ ಆಯ್ಲರ್ ಎಂಬ ಗಣಿತಜ್ಞ ಕೊಟ್ಟ ಲೆಕ್ಕವಿದು. ಇನ್ನೊಂದು ಹೆಜ್ಜೆ ಮುಂದೆ ಹೋಗಿ. ನಾಲ್ಕು ಸಮ ಕಡ್ಡಿಗಳನ್ನು ಸುಮ್ಮನೆ ಒಟ್ಟಿಗೆ ಹಿಡಿದರೆ ನಾಲ್ಕು ಕಡ್ಡಿಯ ಬಲವಷ್ಟೇ. ಉದ್ದಕ್ಕೂ ಅಂಟು ಹಾಕಿ ಒಂದೇ ಕಡ್ಡಿಯಂತೆ ಬೆಸೆದರೆ ಲೆಕ್ಕದ ಪ್ರಕಾರ ಹದಿನಾರರಷ್ಟು. ಕ್ವಿಬೆಕ್ಕಿನ ಕೆಳ ತೊಲೆಗಳೂ ಹೀಗೆ ನಾಲ್ಕು ಉಕ್ಕಿನ ಹಲಗೆಗಳನ್ನು ಪಟ್ಟಿಗಳಿಂದ ಹೆಣೆದು ಮಾಡಿದವು. ಆ ಹೆಣಿಗೆಯೇ ಸಾಲದಾಗಿತ್ತು. ನಾಲ್ಕು ಹಲಗೆಗಳು ಒಂದಾಗಿ ದುಡಿಯಲಿಲ್ಲ.

ಆದ್ದರಿಂದ ಎಳೆತದಲ್ಲಿರುವ ಉಕ್ಕು ಸ್ವಲ್ಪ ಹಿಗ್ಗಿದರೆ ಒಂದು ಮಾತು, ಒತ್ತಡದಲ್ಲಿರುವ ಉಕ್ಕು ಬಾಗಿದರೆ ಬೇರೆಯೇ ಮಾತು. ಅಳೆದವರಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಮುಂದಿನ ಕತೆ ಉಕ್ಕಿನದಲ್ಲ, ಮನುಷ್ಯರದು.

ಕೂಪರ್ ಇದ್ದದ್ದು ನ್ಯೂಯಾರ್ಕಿನಲ್ಲಿ. ವಯಸ್ಸಾಗಿತ್ತು, ಆರೋಗ್ಯ ಸರಿಯಿರಲಿಲ್ಲ. ಸೇತುವೆಯ ಉಕ್ಕು ಮೇಲೇಳುತ್ತಿದ್ದಾಗ ಒಮ್ಮೆಯೂ ಅಲ್ಲಿಗೆ ಬರಲಿಲ್ಲ. ಅವರ ಪರವಾಗಿ ಸ್ಥಳದಲ್ಲಿದ್ದವನು ನಾರ್ಮನ್ ಮೆಕ್ಲೂರ್ ಎಂಬ ತರುಣ ಎಂಜಿನಿಯರ್. ಅಳೆಯುವ ಕೆಲಸ ಅವನದು, ಕೆಲಸ ನಿಲ್ಲಿಸುವ ಅಧಿಕಾರ ಅವನ ಕೈಯಲ್ಲಿರಲಿಲ್ಲ. ಉಕ್ಕು ತಯಾರಿಸಿದ ಕಂಪನಿ ಇದ್ದದ್ದು ಅಮೆರಿಕದ ಫೀನಿಕ್ಸ್‌ವಿಲ್ ಎಂಬ ಊರಿನಲ್ಲಿ. ಆ ಬಾಗು ಕಾರ್ಖಾನೆಯಿಂದ ಬರುವಾಗಲೇ ಇದ್ದಿರಬೇಕು ಎಂದು ಅವರ ವಾದ. ಸ್ಥಳದ ಮುಖ್ಯ ಮೇಸ್ತ್ರಿ ಮೊದಲು ಕೆಲಸ ನಿಲ್ಲಿಸುತ್ತೇನೆಂದ, ಮರುದಿನ ಮನಸ್ಸು ಬದಲಿಸಿದ. ನಿಲ್ಲಿಸಿದರೆ ಆಳುಗಳ ಧೈರ್ಯ ಕುಗ್ಗುತ್ತದೆ, ಬಿಟ್ಟುಹೋಗುತ್ತಾರೆ, ಆ ವರ್ಷದ ಕೆಲಸವೇ ನಿಂತೀತು ಎಂಬ ಅಂಜಿಕೆ ಸೇತುವೆ ಕಂಪನಿಯ ಮುಖ್ಯ ಎಂಜಿನಿಯರಿಗೆ. ಮೆಕ್ಲೂರ್ ರೈಲು ಹತ್ತಿ ನ್ಯೂಯಾರ್ಕಿಗೆ ಹೊರಟ.

ಆಗಸ್ಟ್ 29ರಂದು ಅವನ ಮಾತು ಕೇಳಿದ ಕೂಪರ್, ಸೇತುವೆಯ ಮೇಲೆ ಇನ್ನು ಭಾರ ಹೇರಬೇಡಿ ಎಂದು ಫೀನಿಕ್ಸ್‌ವಿಲ್‌ಗೆ ತಂತಿ ಕೊಟ್ಟರು. ಕ್ವಿಬೆಕ್‌ಗೆ ತಂತಿ ಹೋಗಲೇ ಇಲ್ಲ. ಫೀನಿಕ್ಸ್‌ವಿಲ್‌ನಲ್ಲಿ ಸಂಜೆ ಸೇರಿದವರು ಬೆಳಿಗ್ಗೆ ನೋಡೋಣ ಎಂದರು. ಅದೇ ಸಂಜೆ ಸುಮಾರು ಐದೂವರೆಗೆ, ದಿನದ ಕೆಲಸ ಮುಗಿಯುವ ಹೊತ್ತಿನಲ್ಲಿ, ಸುಮಾರು 19,000 ಟನ್ ಉಕ್ಕು ಹದಿನೈದು ಸೆಕೆಂಡಿನಲ್ಲಿ ಕುಸಿಯಿತು. ಮೇಲಿದ್ದ 86 ಮಂದಿಯಲ್ಲಿ 75 ಜನ ಸತ್ತರು. ಆ ಮೇಸ್ತ್ರಿಯೂ ಅವರಲ್ಲೊಬ್ಬ.

ಸತ್ತವರಲ್ಲಿ 33 ಜನ ಕಾಹ್ನವಾಕೆ ಎಂಬ ಒಂದೇ ಊರಿನವರು, ಮೋಹಾಕ್ ಜನಾಂಗದವರು. ಎತ್ತರದ ಉಕ್ಕಿನ ಕೆಲಸಕ್ಕೆ ಹೆಸರಾದವರು. ಅವರಿಗೆ ಹುಟ್ಟಿನಿಂದಲೇ ಭಯವಿಲ್ಲ ಎಂದು ಹಿಂದಿನ ಪುಸ್ತಕಗಳಲ್ಲಿ ಬರೆದಿರುತ್ತಾರೆ, ನಂಬಬೇಡಿ. ಭಯ ಎಲ್ಲರಿಗೂ ಇರುತ್ತದೆ. ಅವರ ಹುಡುಗರು ಅಪ್ಪ, ಚಿಕ್ಕಪ್ಪಂದಿರ ಜೊತೆಯಲ್ಲಿ ನಿಂತು ಕೆಲಸ ಕಲಿಯುತ್ತಿದ್ದರು, ಅಷ್ಟೆ. ಈ ದುರಂತದ ಮೇಲೆ ಊರಿನ ಹೆಂಗಸರು ಸೇರಿ, ಇನ್ನು ಮುಂದೆ ಗಂಡಸರೆಲ್ಲ ಒಂದೇ ಸೇತುವೆಗೆ ಹೋಗಕೂಡದು, ಹಂಚಿಹೋಗಬೇಕು ಎಂದು ಪಟ್ಟು ಹಿಡಿದರಂತೆ. ಅಲ್ಲಿನ ಸ್ಮಶಾನದಲ್ಲಿ ಉಕ್ಕಿನ ತೊಲೆಗಳಿಂದ ಮಾಡಿದ ಶಿಲುಬೆಗಳಿವೆ. ಇಷ್ಟಾದ ಮೇಲೂ 1916ರಲ್ಲಿ ಹೊಸ ಸೇತುವೆಯ ನಡುಭಾಗವನ್ನು ಎತ್ತುವಾಗ ಅದು ಜಾರಿ ನದಿಗೆ ಬಿದ್ದು ಇನ್ನೂ 13 ಜನ ಹೋದರು. ಮರುವರ್ಷ ಸೇತುವೆ ಮುಗಿಯಿತು. ಈಗಲೂ ಅದರ ಮೇಲೆ ರೈಲು ಓಡುತ್ತದೆ.

ಎಲ್ಲ ಕತೆಯೂ ಹೀಗೇ ಅಲ್ಲ. ಸಾನ್ ಫ್ರಾನ್ಸಿಸ್ಕೊದ ಗೋಲ್ಡನ್ ಗೇಟ್ ಸೇತುವೆ ಕಟ್ಟುವಾಗ ಮುಖ್ಯ ಎಂಜಿನಿಯರ್ ಜೋಸೆಫ್ ಸ್ಟ್ರಾಸ್ ಸೇತುವೆಯ ಕೆಳಗೆ ಉದ್ದಕ್ಕೂ ಹಗ್ಗದ ಬಲೆ ಕಟ್ಟಿಸಿದರು. 1,30,000 ಡಾಲರಿಗೂ ಹೆಚ್ಚು ಖರ್ಚು. ಹತ್ತು ಲಕ್ಷ ಡಾಲರಿನ ಕೆಲಸಕ್ಕೆ ಒಂದು ಸಾವು ಎಂದು ಮೊದಲೇ ಲೆಕ್ಕ ಹಾಕುತ್ತಿದ್ದ ಕಾಲವದು. ಆ ಬಲೆಯಲ್ಲಿ ಬಿದ್ದು 19 ಜನ ಬದುಕಿದರು. 'ನರಕದ ಅರ್ಧ ದಾರಿಯ ಸಂಘ' ಎಂದು ತಮಗೆ ತಾವೇ ಹೆಸರಿಟ್ಟುಕೊಂಡರು! ಆದರೆ 1937ರ ಫೆಬ್ರವರಿ 17ರಂದು ಭಾರಿ ಅಟ್ಟಣಿಗೆಯೊಂದು ಕಳಚಿ ಬಿದ್ದು ಬಲೆಯೇ ಹರಿಯಿತು, ಹತ್ತು ಮಂದಿ ಸತ್ತರು. ಬಲೆ ಮನುಷ್ಯರ ಭಾರಕ್ಕೆ ಕಟ್ಟಿದ್ದು, ಟನ್‌ಗಟ್ಟಲೆ ಭಾರದ ಅಟ್ಟಣಿಗೆಗಲ್ಲ.

ಇಂಥ ಪಾಠಗಳೆಲ್ಲ ನಿಯಮದ ಭಾಷೆಗೆ ಬರಲು ಬಹಳ ಕಾಲ ಬೇಕಾಯಿತು. ಅಮೆರಿಕ 1994ರಲ್ಲಿ ಕಾರ್ಮಿಕ ಸಂಘಗಳು, ಗುತ್ತಿಗೆದಾರರು ಮೊದಲಾದವರ ಸಮಿತಿ ಮಾಡಿ, ಉಕ್ಕು ನಿಲ್ಲಿಸುವ ಕೆಲಸಕ್ಕೇ ಬೇರೆ ನಿಯಮಗಳನ್ನು 2001ರಲ್ಲಿ ಹೊರಡಿಸಿತು. ಓದಿದರೆ ಸಣ್ಣ ಸಣ್ಣ ಮಾತುಗಳೇ. ಪ್ರತಿ ಕಂಬಕ್ಕೆ ಬುಡದಲ್ಲಿ ಕಡೇಪಕ್ಷ ನಾಲ್ಕು ಬೋಲ್ಟು ಇರಬೇಕು. ಕಂಬದ ಮೈಯಿಂದ 18 ಇಂಚು ಆಚೆ 300 ಪೌಂಡ್ ತೂಗಿದರೂ, ಅಂದರೆ ಸಾಮಾನು ಕಟ್ಟಿಕೊಂಡ ಆಳೊಬ್ಬ ಜೋತುಬಿದ್ದರೂ, ಕಂಬ ಉರುಳಬಾರದು. ತೊಲೆಗೆ ಪ್ರತಿ ಜೋಡಣೆಯಲ್ಲೂ ಕನಿಷ್ಠ ಎರಡು ಬೋಲ್ಟು ಬಿಗಿಯಾಗುವ ತನಕ ಕ್ರೇನು ಅದನ್ನು ಬಿಡಕೂಡದು. ಚಪ್ಪರದವನು ಬೊಂಬು ಹಿಡಿದುಕೊಂಡ ಹಾಗೆ! ನನಗೆ ಹೆಚ್ಚು ಹಿಡಿಸಿದ್ದು ಇನ್ನೊಂದು: ತಳಪಾಯದ ಕಾಂಕ್ರೀಟು ಉದ್ದೇಶಿತ ಬಲದ ನೂರಕ್ಕೆ 75ರಷ್ಟು ಗಟ್ಟಿಯಾಗಿದೆ ಎಂದು ಮುಖ್ಯ ಗುತ್ತಿಗೆದಾರ ಬರೆದು ಕೊಡದೆ ಉಕ್ಕು ನಿಲ್ಲಿಸಲು ತೊಡಗುವಂತಿಲ್ಲ. ಬರೆದು ಕೊಡಬೇಕು, 'ಆಗಿದೆ ಹೋಗಪ್ಪಾ' ಎಂದರೆ ಸಾಲದು. ಮೇಲೆ ಹತ್ತಿ ತೊಲೆ ಜೋಡಿಸುವವನಿಗೆ ಪ್ರತ್ಯೇಕ ತರಬೇತಿಯೂ ಕಡ್ಡಾಯ.

ಇನ್ನು ಬೆಲ್ಟಿನ ವಿಚಾರ. ಬೆಲ್ಟು ಕೊಡುತ್ತಾರೆ ಎಂದು ಹುಡುಗ ಹೇಳಿರಬಹುದು. ಕೊಕ್ಕೆ ಎಲ್ಲಿ ಹಾಕುತ್ತೀಯ ಎಂದು ಕೇಳಿ. ಹಗ್ಗ 1.8 ಮೀಟರ್, ಬೆನ್ನಿನ ಬಳೆ ಪಾದದಿಂದ 1.5 ಮೀಟರ್ ಮೇಲೆ ಎಂದಿಟ್ಟುಕೊಳ್ಳೋಣ. ಕಾಲ ಬಳಿಯ ತೊಲೆಗೆ ಕೊಕ್ಕೆ ಹಾಕಿದವನು ಜಾರಿದರೆ ಹಗ್ಗ ಬಿಗಿಯುವ ಮೊದಲು 3.3 ಮೀಟರ್ ಬೀಳುತ್ತಾನೆ. ಆಗ ಅವನ ವೇಗ ಸೆಕೆಂಡಿಗೆ 8 ಮೀಟರ್, ಗಂಟೆಗೆ 29 ಕಿಲೋಮೀಟರ್. ಸಾದಾ ಹಗ್ಗ 10 ಸೆಂಟಿಮೀಟರ್ ಹಿಗ್ಗಿ ತಡೆಯಿತು ಎನ್ನಿ, 60 ಕಿಲೋ ಹುಡುಗನ ಮೈಮೇಲೆ ಸರಾಸರಿ ಎರಡು ಟನ್ನಿನಷ್ಟು ಬಲ ಬೀಳುತ್ತದೆ. ನೆಲಕ್ಕೆ ಬೀಳದಿದ್ದರೂ ಸೊಂಟ ಉಳಿದೀತೆ? ಹಗ್ಗದಲ್ಲಿ ಆಘಾತ ತಡೆಯುವ ಮಡಿಕೆಪಟ್ಟಿ ಇದ್ದು, ಅದು ಬಿಚ್ಚುತ್ತ ಒಂದು ಮೀಟರ್ ಉದ್ದಕ್ಕೆ ನಿಧಾನವಾಗಿ ತಡೆದರೆ ಅದೇ ಬಲ 260 ಕಿಲೋಗೆ ಇಳಿಯುತ್ತದೆ. ಕೊಕ್ಕೆಯನ್ನು ತಲೆಯ ಮೇಲೆ, ಹಗ್ಗ ಸಡಿಲವಿಲ್ಲದಂತೆ ಹಾಕಿದರೆ ಬೀಳುವುದೇ ಅತಿ ಕಡಿಮೆ. ಹತ್ತನೇ ತರಗತಿಯವರು ಈ ಲೆಕ್ಕವನ್ನು ಮಾಡಿ ನೋಡಿ, ಬಲ ಗುಣಿಸು ದೂರ ಎಂಬ ಒಂದೇ ಸೂತ್ರ ಸಾಕು.

ನಮ್ಮಲ್ಲೂ 1996ರಲ್ಲಿ ಕಟ್ಟಡ ಕಾರ್ಮಿಕರಿಗಾಗಿ ಕೇಂದ್ರದ ಕಾಯಿದೆ ಬಂತು. ಎರಡು ವರ್ಷದ ಮೇಲೆ ನಿಯಮಗಳೂ ಬಂದವು. ಬಲೆ, ಬೆಲ್ಟು, ಹೆಲ್ಮೆಟ್ಟು ಎಲ್ಲ ಅದರಲ್ಲಿವೆ. ನಮ್ಮ ತೊಂದರೆ ಕಾಗದದಲ್ಲಿಲ್ಲ. ಗುತ್ತಿಗೆ ಹಿಡಿದವನು ಇನ್ನೊಬ್ಬನಿಗೆ ಕೊಡುತ್ತಾನೆ, ಅವನು ಮತ್ತೊಬ್ಬನಿಗೆ. ಕೊನೆಗೆ ಮೇಲೆ ಹತ್ತಿದ ಹುಡುಗನಿಗೆ ಕಲಿಸುವ ಹೊಣೆ ಯಾರದೂ ಅಲ್ಲ. ಫಿಟ್ಟರ್ ಕೋರ್ಸಿನಲ್ಲಿ ಅರ ಹಿಡಿಯಲು ಕಲಿತವನಿಗೆ ಎತ್ತರದಲ್ಲಿ ನಿಲ್ಲಲು ಬಂದೇಬಿಡುತ್ತದೆ ಎಂದುಕೊಳ್ಳುತ್ತಾರೆ.

ಹಾವೇರಿಯ ಓದುಗರೇ, ಸಂಬಳ ಎಷ್ಟು ಎಂದು ಕೇಳಿಯಾಗಿದೆಯಲ್ಲ, ಇನ್ನೂ ಕೆಲವನ್ನು ಕೇಳಿಸಿ. ನೀವಲ್ಲ, ಮಗನೇ ಕೇಳಲಿ. ಮೊದಲ ತಿಂಗಳು ಯಾರ ಜೊತೆ ಕೆಲಸ, ಕಲಿಸುವವರು ಯಾರು? ಕೊಕ್ಕೆ ಹಾಕಲು ತಲೆಯ ಮೇಲೆ ತಂತಿಹಗ್ಗ ಕಟ್ಟುತ್ತಾರೆಯೇ? ಅರ್ಧ ನಿಂತ ಕಂಬಗಳಿಗೆ ನಾಲ್ಕು ಕಡೆಯಿಂದ ಗೈ ಹಗ್ಗ ಬಿಗಿಯುತ್ತಾರೆಯೇ? ಗಾಳಿ ಬಂದಾಗ, ಬೋಲ್ಟು ಕೂರದಿದ್ದಾಗ, ಏನೋ ಸೊಟ್ಟ ಕಂಡಾಗ, ಕೆಲಸ ನಿಲ್ಲಿಸು ಎನ್ನುವವರು ಸ್ಥಳದಲ್ಲೇ ಇದ್ದಾರೆಯೇ, ಇಲ್ಲ ಬೆಂಗಳೂರಿಗೆ ಫೋನು ಮಾಡಬೇಕೆ? ಈ ಕೊನೆಯದಕ್ಕೆ ಏನು ಹೇಳುತ್ತಾರೆ ಎಂಬುದನ್ನು ಗಮನವಿಟ್ಟು ಕೇಳಿಸಿಕೊಳ್ಳಲಿ. ಪ್ರಶ್ನೆ ಕೇಳಿದ್ದಕ್ಕೇ ಸಿಟ್ಟಾದರೆ ಅದೂ ಒಂದು ಉತ್ತರವೇ. ಹುಡುಗನಿಗೆ 18 ತುಂಬಿ, 90 ದಿನ ಕೆಲಸ ಮಾಡಿದ ಮೇಲೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸುವುದನ್ನು ಮರೆಯಬೇಡಿ.

ಅವನ ತಾಯಿಗೆ ಈ ಅಂಕಣವನ್ನು ಓದಿ ಹೇಳಿ, ಕ್ವಿಬೆಕ್ಕಿನ ಭಾಗ ಬೇಕಿದ್ದರೆ ಬಿಡಿ. ಗುತ್ತಿಗೆದಾರರು ಏನೆಂದರು ಎಂದು ನನಗೊಂದು ಕಾರ್ಡು ಹಾಕಿ.